ಲ್ಯಾಪರೋಸ್ಕೋಪಿಕ್ ಮಯೋಮೆಕ್ಟಮಿ: ಅಡ್ಹೀಷನ್ ಆಗದಂತೆ ಏನು ಮಾಡ್ತೀರಿ?

ಪ್ರಶ್ನೆ (ಯುವ ಸ್ತ್ರೀರೋಗ ತಜ್ಞೆ): ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ತೆಗೆಸಿಕೊಳ್ಳಲು, ಅಂದರೆ ಮಯೋಮೆಕ್ಟಮಿಗೆ, ಬರುವವರಲ್ಲಿ ಹೆಚ್ಚಿನವರಿಗೆ ಮುಂದೆ ಮಗು ಬೇಕು. ಅಡ್ಹೀಷನ್ (ಒಳಾಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು) ತಡೆಯಲು ಕೊನೆಯಲ್ಲಿ ಇಂಟರ್‌ಸೀಡ್ (ಗಾಯದ ಮೇಲೆ ಹಾಸುವ, ತಾನೇ ಕರಗುವ ತೆಳು ಬಟ್ಟೆ) ಹಾಕಿದರೆ ಸಾಕೇ? ಅನುಭವವಿರುವ ಹಿರಿಯರು ತಿಳಿಸಿ.

ಲ್ಯಾಪರೋಸ್ಕೋಪಿಕ್ ಸರ್ಜನ್: ಸಾಲದು ಮೇಡಂ. ಪೆರಿಟೋನಿಯಂಗೆ (ಹೊಟ್ಟೆಯ ಒಳಪೊರೆ) ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಅಂಟು ಪ್ರೋಟೀನ್) ಕೂರುತ್ತದೆ. ಸುಮಾರು 72 ಗಂಟೆಯೊಳಗೆ ಕರಗಿದರೆ ಸರಿ, ಉಳಿದರೆ ಫೈಬ್ರೋಬ್ಲಾಸ್ಟ್ (ನಾರು ಕಟ್ಟುವ ಜೀವಕೋಶ) ಹೊಕ್ಕು ಗಟ್ಟಿ ಪಟ್ಟಿಯಾಗುತ್ತದೆ. ಸುಟ್ಟು ರಕ್ತ ಸಂಚಾರ ಕಳೆದುಕೊಂಡ ಜಾಗದಲ್ಲಿ ಅದನ್ನು ಕರಗಿಸುವ ಶಕ್ತಿಯೇ ಕುಂದಿರುತ್ತದೆ. ಹಾಗಾಗಿ ರಕ್ತ ಕಂಡಲ್ಲೆಲ್ಲ ಬೈಪೋಲಾರ್ (ವಿದ್ಯುತ್ತಿನಿಂದ ಸುಡುವ ಇಕ್ಕಳ) ಹಿಡಿಯಬೇಡಿ, ಹೊಲಿಗೆಯಿಂದಲೇ ನಿಲ್ಲಿಸಿ. ಗರ್ಭಕೋಶದ ಹಿಂಗೋಡೆಯ ಗಾಯಕ್ಕೆ ಕರುಳು, ಟ್ಯೂಬ್, ಅಂಡಾಶಯ ಬೇಗ ಅಂಟುತ್ತವೆ. ಆದಷ್ಟೂ ಮುಂಗೋಡೆಯ ಒಂದೇ ಛೇದನದಿಂದ ಪಕ್ಕದ ಗಡ್ಡೆಗಳನ್ನೂ ತೆಗೆಯಿರಿ. ಆದರೆ ಹಿಂದಿನ ಗಡ್ಡೆಗಾಗಿ ಎಂಡೋಮೆಟ್ರಿಯಂ (ಗರ್ಭಕೋಶದ ಒಳಪದರ) ಸೀಳಿಕೊಂಡು ಹೋಗುವುದು ಖಂಡಿತ ಬೇಡ. ಬಾರ್ಬ್ಡ್ (ಮುಳ್ಳುಗಳಿರುವ) ದಾರ ಬಳಸಿದರೆ ತುದಿಯನ್ನು ಮೇಲ್ಮೈಗೆ ಸಮನಾಗಿ ಕತ್ತರಿಸಿ. ಹೊರಚಾಚಿದ ಮುಳ್ಳು ಕರುಳಿಗೆ ಸಿಕ್ಕಿ ಅಡಚಣೆಯಾದ ಪ್ರಕರಣಗಳು ವರದಿಯಾಗಿವೆ.

ಓಟಿ ಸಿಸ್ಟರ್: ಇಂಟರ್‌ಸೀಡ್ ಕೆಡುವುದು ರಕ್ತದಿಂದ. ಹೊಟ್ಟೆಗೆ ತುಂಬಿದ ಗ್ಯಾಸ್‌ನ ಒತ್ತಡ ಇಳಿಸಿ ನೋಡಿ. ಒತ್ತಡಕ್ಕೆ ಅದುಮಿದ್ದ ರಕ್ತನಾಳ ಆಗ ಜಿನುಗುತ್ತದೆ. ಟೇಬಲ್ ಸಮ ಮಾಡಿಸಿ, ಡಗ್ಲಾಸ್ ಪೌಚ್‌ನ (ಗರ್ಭಕೋಶದ ಹಿಂದಿನ ತಗ್ಗು) ನೀರೆಲ್ಲ ಸಕ್ಷನ್ ಮಾಡಿ. ಹೊಲಿಗೆಯ ಅಂಚಿನಿಂದ ಸುಮಾರು 5 ಮಿ.ಮೀ. ಹೊರಗೆ ಬರುವಂತೆ ಒಂದೇ ಪದರ ಹಾಸಿ, ಕೆಲವು ಹನಿ ರಿಂಗರ್ ಲ್ಯಾಕ್ಟೇಟ್ (ಆರ್.ಎಲ್., ಲವಣ ದ್ರಾವಣ) ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಕಪ್ಪಾಯಿತೋ, ರಕ್ತ ಹೊಕ್ಕಿದೆ ಎಂದರ್ಥ. ತೆಗೆದು, ರಕ್ತ ನಿಲ್ಲಿಸಿ, ಹೊಸ ತುಂಡು ಹಾಕಲೇಬೇಕು. ಪೌಡರ್ ಇಲ್ಲದ ಗ್ಲೌಸ್ ಮಾತ್ರ.

ಇನ್ನೊಬ್ಬ ಸರ್ಜನ್: ಹೊಟ್ಟೆಯಲ್ಲಿ ಆರ್.ಎಲ್. ಬಿಟ್ಟು ಬಂದರೆ ಪ್ರಯೋಜನವಿಲ್ಲ, ಒಂದೆರಡು ದಿನದಲ್ಲೇ ಹೀರಿಹೋಗುತ್ತದೆ. 4% ಐಕೋಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸಿದ ದ್ರಾವಣ) ಹೆಚ್ಚು ದಿನ ಉಳಿಯುತ್ತದೆ. ಕ್ರಮ: ಆಪರೇಷನ್ ನಡೆಯುವಾಗ ಅರ್ಧ ಗಂಟೆಗೊಮ್ಮೆ ಕನಿಷ್ಠ 100 ಮಿ.ಲೀ.ನಿಂದ ತೊಳೆಯುವುದು, ಕೊನೆಗೆ 1 ಲೀಟರ್ ಬಿಡುವುದು. ಸೋಂಕಿದ್ದರೆ, ಕರುಳು ಕತ್ತರಿಸಿದ್ದರೆ, ಜೋಳದ ಪಿಷ್ಟದ ಅಲರ್ಜಿಯಿದ್ದರೆ ಬಳಸಬಾರದು. ಯೋನಿದ್ವಾರದ ಸುತ್ತ ಊತ ಬರಬಹುದು, ಮೊದಲೇ ಹೇಳಿಡಿ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ವಾರ್ಡಿಗೆ ಬರೆದೇ ಕೊಡಿ: ಐಕೋಡೆಕ್ಸ್‌ಟ್ರಿನ್ ಬಳಸಿದ ಮೇಲೆ ಜಿಡಿಎಚ್-ಪಿಕ್ಯೂಕ್ಯೂ ಸ್ಟ್ರಿಪ್ (ಗ್ಲುಕೋಮೀಟರ್ ಪಟ್ಟಿಯ ಒಂದು ಬಗೆ) ಸಕ್ಕರೆಯನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಇಂಟರ್‌ಸೀಡ್, ಐಕೋಡೆಕ್ಸ್‌ಟ್ರಿನ್‌ಗಳಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆಂದು ರೋಗಿಗೆ ಭರವಸೆ ಕೊಡಬೇಡಿ, ಅಷ್ಟು ಗಟ್ಟಿ ಪುರಾವೆಯಿಲ್ಲ.

ಪ್ರಶ್ನೆ ಕೇಳಿದವರು: ಹಿಸ್ಟರೋಸ್ಕೋಪಿಯಲ್ಲಿ (ಯೋನಿಯ ಮೂಲಕ ಗರ್ಭಕೋಶದೊಳಗೆ ನೋಡಿ ಮಾಡುವ ಆಪರೇಷನ್)?

ಮೊದಲ ಸರ್ಜನ್: ಒಳಗೋಡೆಯ ಎರಡು ಗಡ್ಡೆ ಎದುರುಬದುರಾಗಿದ್ದರೆ ಒಂದೇ ದಿನ ಎರಡನ್ನೂ ಕೆತ್ತಬೇಡಿ. ಹಸಿ ಗಾಯಗಳೆರಡು ಒಂದಕ್ಕೊಂದು ತಾಗಿ ಅಂಟುತ್ತವೆ. ಮೊದಲನೆಯದು ವಾಸಿಯಾದ ಮೇಲೆ ಇನ್ನೊಂದು.