ಹೋಮ್ ಫೋಲ್ಡರ್ ಸರ್ವರ್‌ನಲ್ಲಿದ್ದರೆ ಬರುವ ತಾಪತ್ರಯ: ಅಡ್ಮಿನ್‌ಗೆ ಕೇಳಿ

ಕಡಿಯಾಳಿ ಲ್ಯಾಬ್: ಸರ್, 30 ಉಬುಂಟು ಲಿನಕ್ಸ್ ಮೆಷಿನ್ ಉಂಟು. ಫೈಲ್, ಸೆಟ್ಟಿಂಗ್ ಇರುವ ಹೋಮ್ ಫೋಲ್ಡರ್ ಮಾತ್ರ ಎನ್‌ಎಫ್‌ಎಸ್ ಸರ್ವರ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಎಲ್ಲ ಮೆಷಿನ್‌ಗೂ ಹಂಚಿದ ಜಾಗದಲ್ಲಿ. ಮಕ್ಕಳು ಕನ್ನಡ ಕೀಬೋರ್ಡ್ ಸೇರಿಸಿದರೆ ಮರುದಿನ ಇರುವುದಿಲ್ಲ. ವಾಲ್‌ಪೇಪರ್ ಯಾರದ್ದೋ ಬಂದಿರುತ್ತದೆ.

ಅಡ್ಮಿನ್: ಯಾರದ್ದೋ ಅಂದರೆ? ಎಲ್ಲರಿಗೂ ಒಂದೇ ಲಾಗಿನ್ನಾ?

ಕಡಿಯಾಳಿ ಲ್ಯಾಬ್: ಹೌದು ಸರ್. 'ಸ್ಟೂಡೆಂಟ್' ಅಂತ.

ಅಡ್ಮಿನ್: ಅಯ್ಯೋ ಮಾರಾಯ್ರೆ! ಉಬುಂಟುವಿನ ಡೆಸ್ಕ್‌ಟಾಪ್ ಗ್ನೋಮ್. ಅದರ ಸೆಟ್ಟಿಂಗ್ ನೋಡಿಕೊಳ್ಳುವುದು ಡಿಕಾನ್ಫ್; ಎಲ್ಲ ಅದರ ಒಂದೇ ಬೈನರಿ ಫೈಲ್‌ನಲ್ಲಿ ಇರುವುದು. ಏನಾದರೂ ಬದಲಾದರೆ ಡಿಕಾನ್ಫ್ ಇಡೀ ಫೈಲನ್ನೇ ಹೊಸದಾಗಿ ಬರೆಯುತ್ತದೆ. ಒಂದೇ ಮೆಷಿನ್ ಆದರೆ ತೊಂದರೆ ಇಲ್ಲ. ನಿಮ್ಮಲ್ಲಿ 30 ಮೆಷಿನ್, 30 ಡಿಕಾನ್ಫ್. ಒಂದಕ್ಕೆ ಇನ್ನೊಂದರ ಸುದ್ದಿಯೇ ಇಲ್ಲ. ಮೂರನೇ ಮೆಷಿನ್‌ನವನು ಕೀಬೋರ್ಡ್ ಸೇರಿಸಿದ. ಹತ್ತನೆಯದ್ದರ ಹತ್ತಿರ ಬೆಳಗ್ಗಿನ ಹಳೇ ಪ್ರತಿ ಉಂಟು. ಅದು ವಾಲ್‌ಪೇಪರ್ ಬದಲಿಸಿ ಫೈಲ್ ಬರೆದಾಗ ಕೀಬೋರ್ಡ್ ಮಾಯ.

ಪ್ರತಿ ಮೆಷಿನ್‌ನಲ್ಲೂ ಇಟಿಸಿ ಫೋಲ್ಡರ್, ಅದರೊಳಗೆ ಡಿಕಾನ್ಫ್, ಅದರೊಳಗೆ ಪ್ರೊಫೈಲ್, ಅಲ್ಲಿನ 'ಯೂಸರ್' ಫೈಲ್ ತೆರೆಯಿರಿ. ಇಲ್ಲದಿದ್ದರೆ ಮಾಡಿ. ಮೊದಲ ಸಾಲು 'ಸರ್ವೀಸ್-ಡಿಬಿ:ಕೀಫೈಲ್/ಯೂಸರ್' ಇರಲಿ. ಲಾಗೌಟ್ ಆಗಿ ಬನ್ನಿ. ಸೆಟ್ಟಿಂಗ್ ಮಾಮೂಲಿ ಟೆಕ್ಸ್ಟ್ ಫೈಲ್‌ಗೆ ಹೋಗುತ್ತದೆ. ಬದಲಾದದ್ದು ಕಾಣಲು ಸ್ವಲ್ಪ ತಡವಾಗಬಹುದು. ಹಳೇ ಸೆಟ್ಟಿಂಗ್ ಬೇಕಿದ್ದರೆ ಮೊದಲೇ 'ಡಿಕಾನ್ಫ್ ಡಂಪ್' ಕಮಾಂಡ್‌ನಿಂದ ಅದರ ಪ್ರತಿ ತೆಗೆದಿಡಿ. ಆದರೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡದೆ ಪೂರ್ತಿ ಸರಿಹೋಗದು.

ಬಿಜೈ: ನಮ್ಮಲ್ಲಿ ಎಲ್ಲಾ ಫೈಲ್‌ಗೂ ಓನರ್ 'ನೋಬಡಿ' ಅಂತ ಬರುತ್ತದೆ.

ಅಡ್ಮಿನ್: ಬಳಕೆದಾರರ ಹೆಸರು ಹೊಂದಿಸುವ ಐಡಿಮ್ಯಾಪ್‌ಡಿ ಕಾನ್ಫ್ ಫೈಲ್‌ನಲ್ಲಿ ಡೊಮೈನ್ ಹೆಸರು ಸರ್ವರ್, ಕ್ಲೈಂಟ್ ಎರಡರಲ್ಲೂ ಒಂದೇ ಇರಬೇಕು.

ಕಾಪು: ಫೈರ್‌ಫಾಕ್ಸ್ 'ಆಗಲೇ ಓಡುತ್ತಿದೆ' ಅನ್ನುತ್ತದೆ. ಓಡ್ತಾ ಇಲ್ಲ.

ಕಾರ್ಕಳ: ಎಲ್ಲದಕ್ಕೂ ಒಂದೇ ಮದ್ದು, ವಾಟ್ಸಾಪ್‌ನಲ್ಲಿ ಬಂದದ್ದು. ಹೋಮ್‌ಗೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಚ್‌ಮಾಡ್ 777. ಎಲ್ಲವೂ ಎಲ್ಲರಿಗೂ ತೆರೆಯುತ್ತದೆ.

ಅಡ್ಮಿನ್: ದಯವಿಟ್ಟು ಯಾರೂ ಮಾಡಬೇಡಿ. ಲಾಗಿನ್‌ಗೆ ಬಳಸುವ ಪ್ರೈವೇಟ್ ಕೀ ಫೈಲ್ ಎಲ್ಲರಿಗೂ ತೆರೆದಿದ್ದರೆ, ದೂರದ ಮೆಷಿನ್‌ಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದೇ ಇಲ್ಲ. ಕ್ಲೈಂಟ್‌ನ ಅಡ್ಮಿನ್ ಅಧಿಕಾರ ಒಪ್ಪದ 'ರೂಟ್ ಸ್ಕ್ವಾಷ್' ಸರ್ವರ್‌ನಲ್ಲಿ ಇದ್ದರೆ ನಿಮ್ಮ ಸುಡೋ ಅಲ್ಲಿ ಬರೀ ನೋಬಡಿ.

ಕಾರ್ಕಳ: ನಮ್ಮಲ್ಲಿ ಕೆಲಸ ಮಾಡಿದೆ.

ಸುರತ್ಕಲ್: ಬೀಗ ಒಡೆದರೂ ಬಾಗಿಲು ತೆರೆಯುತ್ತದೆ ಮಾರಾಯ್ರೆ.

ಕಾರ್ಕಳ: ನೀವು ಎಷ್ಟು ಲ್ಯಾಬ್ ನೋಡಿಕೊಂಡಿದ್ದೀರಿ?

ಸುರತ್ಕಲ್: ನಿಮ್ಮಂಥವರು ಹಾಳು ಮಾಡಿದ್ದು ಎರಡು.

ಮಣಿಪಾಲ: ಸರ್, ನಮ್ಮಲ್ಲೂ ವಾಲ್‌ಪೇಪರ್ ಬದಲಾಗುತ್ತದೆ. ಎಂತ ಮಾಡುವುದು?

ಅಡ್ಮಿನ್: ಮೇಲೆ ಓದಿ.

ಮಣಿಪಾಲ: ತುಂಬಾ ಉದ್ದ ಉಂಟಲ್ವಾ. ಹೋಮ್‌ನಲ್ಲಿರುವ ಡಾಟ್ ಕಾನ್ಫಿಗ್ ಫೋಲ್ಡರ್ ಡಿಲೀಟ್ ಮಾಡಿದರೆ ಸಾಕು ಅಂತ ಒಬ್ಬರು ಹೇಳಿದರು.

ಅಡ್ಮಿನ್: ಅವರನ್ನೇ ಕೇಳಿ.

ಕಡಿಯಾಳಿ ಲ್ಯಾಬ್: ಸರ್, ಕೀಫೈಲ್ ಹಾಕಿದೆ. ಕೀಬೋರ್ಡ್ ಉಳಿಯಿತು. ವಾಲ್‌ಪೇಪರ್ ಈಗಲೂ ಯಾರದ್ದೋ.

ಅಡ್ಮಿನ್: ಲಾಗಿನ್ ಎಷ್ಟು?

ಕಡಿಯಾಳಿ ಲ್ಯಾಬ್: ಒಂದೇ ಸರ್.

ಕಾಪು: ಫೈರ್‌ಫಾಕ್ಸ್ ಬಗ್ಗೆ ಯಾರಾದರೂ?