ಪದಚರ್ಚೆ: ಬಿಸಿಲಿಗೆ ಸುಟ್ಟ ಚರ್ಮಕ್ಕೆ ಹಚ್ಚುವ ‘ಪ್ರಾಣಿಜನ್ಯ ತೈಲ’

ದಾವಣಗೆರೆಯಿಂದ:
ನಾಳೆ ಸಂಜೆಯೊಳಗೆ ಕರಪತ್ರವೊಂದು ಮುದ್ರಣಕ್ಕೆ ಹೋಗಬೇಕು. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಹಿಂದಿನಿಂದ ಹಚ್ಚುತ್ತ ಬಂದಿರುವ ಎಮು ಹಕ್ಕಿಯ ಎಣ್ಣೆ, ಕುರಿಯುಣ್ಣೆಯ ಲ್ಯಾನೊಲಿನ್, ತುಪ್ಪ ಇವಕ್ಕೆಲ್ಲ ಸೇರಿ ಒಂದು ತಲೆಬರಹ ಬೇಕಾಗಿದೆ. ‘ಪ್ರಾಣಿಜನ್ಯ ತೈಲ’ ಎಂದರೆ ಕಚ್ಚಾ ತೈಲ ನೆನಪಾದೀತೆಂಬ ಅಳುಕು. ‘ಪ್ರಾಣಿಯೆಣ್ಣೆ’ ಆದೀತೇ? ಸನ್‌ಬರ್ನ್‌ಗೂ ಒಂದು ಪದ ತಿಳಿಸಿ.

ಚಿತ್ರದುರ್ಗದಿಂದ:
ಬೇಡವೇ ಬೇಡ. ಎಣ್ಣೆ ಎಂದರೆ ಎಳ್ + ನೆಯ್, ಎಳ್ಳಿನ ಜಿಡ್ಡು. ತೈಲವೂ ತಿಲದಿಂದಲೇ ಹುಟ್ಟಿದ್ದು. ಹಕ್ಕಿಯ ಮೈಯಲ್ಲಿ ಎಳ್ಳು ಎಲ್ಲಿದೆ? ಕೊಬ್ಬಿಗೆ ‘ನೆಣ’ ಎಂಬ ಅಚ್ಚಗನ್ನಡ ಪದವಿರುವಾಗ ಸಂಸ್ಕೃತದ ಮನೆಗೆ ಕಡ ಕೇಳಲು ಹೋಗುವುದೇಕೆ?

ಚಳ್ಳಕೆರೆಯಿಂದ:
ಬೇರು ಹಿಡಿದುಕೊಂಡು ಬಳಕೆಯನ್ನು ಕಡಿಯಬೇಡಿ. ನಮ್ಮೂರಿನ ಮಿಲ್ಲುಗಳಲ್ಲಿ ಶೇಂಗಾದಿಂದ ತೆಗೆಯುವುದೂ ಎಣ್ಣೆಯೇ. ಮೀನೆಣ್ಣೆ ಎಂಬ ಮಾತೂ ಇದೆ. ನನ್ನ ತಕರಾರು ನೆಣದ ಬಗ್ಗೆ. ನೆಣ ಬೇಕಾದರೆ ಪ್ರಾಣಿಯನ್ನು ಕೊಯ್ಯಬೇಕು. ಎಮು ಎಣ್ಣೆಗೆ ಅದು ಒಪ್ಪುತ್ತದೆ, ಆಸ್ಟ್ರೇಲಿಯಾದ ಮೂಲನಿವಾಸಿಗಳು ಅದನ್ನು ಹಕ್ಕಿಯ ಕೊಬ್ಬಿನಿಂದಲೇ ಪಡೆಯುತ್ತಿದ್ದರು. ಲ್ಯಾನೊಲಿನ್ ಹಾಗಲ್ಲ. ಕುರಿಯ ಚರ್ಮದ ಗ್ರಂಥಿಗಳಿಂದ ಒಸರಿ ಉಣ್ಣೆಗೆ ಅಂಟಿಕೊಳ್ಳುವ ಅದು ಕತ್ತರಿಸಿದ ಉಣ್ಣೆಯನ್ನು ತೊಳೆದಾಗ ಸಿಗುತ್ತದೆ. ರಸಾಯನಶಾಸ್ತ್ರದ ಪ್ರಕಾರ ಒಂದು ಬಗೆಯ ಮೇಣ. ‘ಉಣ್ಣೆಯ ಜಿಡ್ಡು’ ಎಂದರೆ ಕಂಬಳಿ ನೇಯುವ ಈ ಸೀಮೆಯಲ್ಲಿ ವಿವರಣೆ ಬೇಕಿಲ್ಲ. ತುಪ್ಪವಂತೂ ಹಾಲಿನದು. ಮಾಂಸ ಮುಟ್ಟದವರು ತಲೆಬರಹ ನೋಡಿ ತುಪ್ಪವನ್ನೂ ನೆಣವೆಂದುಕೊಂಡರೆ ಹೊಣೆ ಯಾರು? ಆಯುರ್ವೇದವೇ ಘೃತ (ತುಪ್ಪ), ತೈಲ (ಎಣ್ಣೆ), ವಸಾ (ಕೊಬ್ಬು), ಮಜ್ಜಾ (ಮೂಳೆಯೊಳಗಿನ ಮಜ್ಜೆ) ಎಂದು ನಾಲ್ಕು ‘ಸ್ನೇಹ’ಗಳನ್ನು, ಅಂದರೆ ಜಿಡ್ಡುಗಳನ್ನು, ಬೇರೆ ಬೇರೆಯಾಗಿ ಹೆಸರಿಸಿದೆ. ‘ಪ್ರಾಣಿಮೂಲದ ಜಿಡ್ಡುಗಳು’ ಎಂದು ಬರೆಯಿರಿ.

ಸನ್‌ಬರ್ನ್‌ಗೆ ‘ಬಿಸಿಲಿನ ಸುಟ್ಟಗಾಯ’ ಸಾಕು. ಬೆವರುಸಾಲೆ ಎಂದು ಮಾತ್ರ ಬರೆಯಬೇಡಿ, ಅದು ಬೇರೆಯೇ ತೊಂದರೆ. ‘ವಾಸಿಮಾಡುವ’ ಎಂದೂ ಬೇಡ. ಆಗತಾನೇ ಸುಟ್ಟ ಚರ್ಮಕ್ಕೆ ಜಿಡ್ಡು ಬಳಿದರೆ ಕಾವು ಒಳಗೇ ಉಳಿಯುತ್ತದೆ; ಮೊದಲು ತಣ್ಣೀರು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ.

ಚಿತ್ರದುರ್ಗದಿಂದ:
‘ಪ್ರಾಣಿ’ ಎಲ್ಲಿಯ ಕನ್ನಡ?

ಚಳ್ಳಕೆರೆಯಿಂದ:
ಮುಲಾಮು ಅರಬ್ಬಿಯಿಂದ ಬಂದದ್ದು. ಅದನ್ನೂ ಗಡೀಪಾರು ಮಾಡುತ್ತೀರಾ? ಜನರ ನಾಲಿಗೆಯಲ್ಲಿ ನೂರಾರು ವರ್ಷ ಬಾಳಿದ ಮಾತಿಗೆ ಊರು ಕೇಳುವುದು ಅನ್ಯಾಯ.

ದಾವಣಗೆರೆಯಿಂದ:
‘ಪ್ರಾಣಿಮೂಲದ ಜಿಡ್ಡುಗಳು’ ಎಂದು ಹಾಕಿ, ಒಂದೊಂದರ ಮುಂದೆ ಅದು ಕೊಬ್ಬಿನದೋ ಉಣ್ಣೆಯದೋ ಹಾಲಿನದೋ ಎಂದು ಬರೆಯುತ್ತೇನೆ. ಇನ್ನೊಂದು ಉಳಿದಿದೆ: ತುಪ್ಪದಿಂದ ಮಾಡುವ ಆಯುರ್ವೇದದ ಲೇಪ ಶತಧೌತ ಘೃತಕ್ಕೆ ‘ನೂರು ಸಲ ತೊಳೆದ ತುಪ್ಪ’ ಎಂದರೆ ಸಾಕೇ, ನೀರಿನಲ್ಲಿ ಎಂದು ಸೇರಿಸಬೇಕೇ?