‘ಫೇಟ್ ಅಂಡ್ ಟ್ರಾನ್ಸ್‌ಪೋರ್ಟ್’ಗೆ ‘ಗತಿ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಬಟ್ಟೆ, ಬಣ್ಣ, ಸನ್‌ಸ್ಕ್ರೀನಿಗೆಲ್ಲ ಹಾಕುವ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳು ಆಮೇಲೆ ನೀರಲ್ಲಿ, ಮಣ್ಣಲ್ಲಿ ಏನಾಗುತ್ತವೆ ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳು ಕೈಕೊಡುತ್ತಿವೆ.

ಮೊದಲನೆಯದು ‘ಫೇಟ್ ಅಂಡ್ ಟ್ರಾನ್ಸ್‌ಪೋರ್ಟ್’. ಕಣ ಎಲ್ಲೆಲ್ಲಿ ಸಾಗುತ್ತದೆ, ಕೊನೆಗೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲಿಷಿನ ಮಾತು. ‘ವಿಧಿ ಮತ್ತು ಸಾಗಾಣಿಕೆ’ ಅಂದರೆ ಜಾತಕವೂ ಲಾರಿಯೂ ಒಟ್ಟಿಗೆ ನೆನಪಾಗುತ್ತವೆ. ನನಗೆ ಹೊಳೆದದ್ದು ‘ಗತಿ’. ಚಲನೆಯೂ ಆಯ್ತು, ‘ಅವನ ಗತಿ ಏನಾಯ್ತು’ ಅನ್ನುವ ಅರ್ಥವೂ ಬಂತು. ಈ ಕಣಗಳ ಮಟ್ಟಿಗೆ ಎರಡೂ ಒಟ್ಟಿಗೇ ನಡೆಯುತ್ತವೆ, ಅಲ್ವಾ? ಬೆಳ್ಳಿಯನ್ನೇ ನೋಡಿ. ನಾತ ಬರದಿರಲಿ ಅಂತ ಕಾಲುಚೀಲಕ್ಕೆ ಬೆಳ್ಳಿಯ ನ್ಯಾನೊ ಕಣ ಸೇರಿಸುತ್ತಾರೆ. 2008ರಲ್ಲಿ ಅಮೆರಿಕದ ಅರಿಝೋನದಲ್ಲಿ ಅಂಥ ಕಾಲುಚೀಲ ತೊಳೆದು ಪರೀಕ್ಷಿಸಿದರು. ಕೆಲವು ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಬೆಳ್ಳಿಯನ್ನೆಲ್ಲ ಬಿಟ್ಟುಕೊಟ್ಟವು, ಕೆಲವು ಜಪ್ಪಯ್ಯ ಅನ್ನಲಿಲ್ಲ. ಬಿಟ್ಟುಹೋದ ಬೆಳ್ಳಿಗೆ ಕೊಳಚೆ ನೀರಲ್ಲಿ ಗಂಧಕ ಸಿಗುತ್ತದೆ; ಬಹುಪಾಲು ಬೆಳ್ಳಿ ಸಲ್ಫೈಡ್ ಆಗುತ್ತದೆ. ಅದು ಕರಗುವುದು ತೀರಾ ಕಡಿಮೆ, ಹಾಗಾಗಿ ವಿಷವೂ ಕಡಿಮೆ. ಕೊನೆಗೆ ಶುದ್ಧೀಕರಣ ಘಟಕದ ಕೆಸರು ಗೊಬ್ಬರವಾಗಿ ಹೋದ ಕಡೆ ಅದೂ ಹೊಲ ಸೇರುತ್ತದೆ. ಹೊರಟದ್ದು ಬೆಳ್ಳಿ, ತಲುಪಿದ್ದು ಬೇರೇನೋ. ನನ್ನ ಅಳುಕು ಒಂದೇ: ‘ಗತಿಗೆಟ್ಟ’, ‘ಗತಿಯಿಲ್ಲದ’ ನೆನಪಾಗಿ ಓದುವವರು ಮೊದಲೇ ಮುಖ ಸಿಂಡರಿಸಿದರೆ?

ಎರಡನೆಯದು ‘ಅಗ್ರಿಗೇಷನ್’, ಅಂದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುವುದು. ಕಣಗಳ ಮೈಮೇಲೆ ಒಂದೇ ಬಗೆಯ ವಿದ್ಯುದಂಶ ಇದ್ದರೆ ಒಂದನ್ನೊಂದು ದೂಡಿಕೊಂಡು ಬಿಡಿಬಿಡಿಯಾಗಿಯೇ ಇರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ಈ ದೂಡಾಟವನ್ನು ತಗ್ಗಿಸುತ್ತದೆ. ಆಗ ಕೂಡಿಕೊಂಡು ತಳಕ್ಕಿಳಿಯುತ್ತವೆ. ಕೊಳೆತ ಎಲೆಯಿಂದ ಬರುವ ಹ್ಯೂಮಿಕ್ ಆಮ್ಲ ಮೆತ್ತಿಕೊಂಡರೆ ಸಾಮಾನ್ಯವಾಗಿ ಉಲ್ಟಾ; ಬಿಡಿಯಾಗಿ ಜಾಸ್ತಿ ದೂರ ಹೋಗುತ್ತವೆ. ಹಾಲಿನಲ್ಲಿ ಇಂಥದೇ ಆದಾಗ ನಾವು ‘ಒಡೆಯಿತು’ ಅನ್ನುತ್ತೇವೆ. ಕಣಗಳು ಕೂಡುವುದಕ್ಕೆ ಒಡೆಯುವ ಮಾತು! ಅದನ್ನು ಇಲ್ಲಿ ಬಳಸುವ ಹಾಗಿಲ್ಲ.

ಸದ್ಯಕ್ಕೆ ‘ಗಂಟುಕಟ್ಟು’ ಅಂತ ಇಟ್ಟಿದ್ದೇನೆ. ಆದರೆ ಹೊಳೆಯಲ್ಲಿ ಜೇಡಿಮಣ್ಣಿನ ಕಣಗಳೇ ಎಷ್ಟೋ ಪಾಲು ಹೆಚ್ಚು. ನ್ಯಾನೊ ಕಣ ತನ್ನ ಜಾತಿಯದರ ಜೊತೆ ಸೇರುವುದಕ್ಕಿಂತ ಅವಕ್ಕೆ ಅಂಟುವುದೇ ಜಾಸ್ತಿ. ಅದಕ್ಕೂ ‘ಗಂಟು’ ಅನ್ನಬಹುದೇ? ಮರಳಿಗೆ ಅಂಟಿ ನಿಲ್ಲುವುದಕ್ಕೆ ಮಾತ್ರ ‘ಕಚ್ಚಿಕೊಳ್ಳು’ ಸರಿಹೋಯಿತು: ಅಂತರ್ಜಲ ಶುದ್ಧಿಗೆ ನೆಲದೊಳಕ್ಕೆ ಇಳಿಸುವ ಕಬ್ಬಿಣದ ನ್ಯಾನೊ ಕಣ, ಮೇಲೆ ಲೇಪವಿಲ್ಲದಿದ್ದರೆ, ಕೆಲವೇ ಮೀಟರು ಸಾಗುವಷ್ಟರಲ್ಲಿ ಮರಳಿಗೆ ಕಚ್ಚಿಕೊಳ್ಳುತ್ತದೆ.

ಹಳ್ಳಿ ಕಡೆಯವರನ್ನು ಒಂದು ಕೇಳಬೇಕು. ಬಗ್ಗಡ ನೀರಿಗೆ ಪಟಿಕ ಹಾಕಿದಾಗ, ಇಲ್ಲವೇ ಕೊಡದ ಒಳಮೈಗೆ ಚಿಲ್ಲದ ಬೀಜ ತೇಯ್ದಾಗ, ಮಣ್ಣು ಕೂಡಿಕೊಂಡು ಕೆಳಗೆ ಕೂರುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ‘ತಿಳಿಯಾಯ್ತು’ ಅನ್ನುವುದು ನೀರಿನ ಬಗ್ಗೆ. ನನಗೆ ಬೇಕಿರುವುದು ಮಣ್ಣು ಏನು ಮಾಡಿತು ಅನ್ನುವ ಕ್ರಿಯಾಪದ.